ಗಂಟೆ ಒತ್ತುವವರೂ ಏಳುವವರೂ ಬೇರೆ ಬೇರೆಯಾಗಿರತಕ್ಕದ್ದು

ವಿಭಾಗದ ಕಚೇರಿ
ಎರಡನೇ ಮಹಡಿ, ಕೆಟ್ಟುಹೋದ ನೆರಳಚ್ಚು ಯಂತ್ರದ ಪಕ್ಕ

ಸುತ್ತೋಲೆ ಸಂಖ್ಯೆ: ವಿಭಾಗ/ಆರಂಭ/ಕಟ್/38/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ತಿಂಗಳ ಕೊನೆಯ ವಾರದ ಸೋಮವಾರ

ವಿಷಯ: ಎರಡನೇ ವರ್ಷದವರ ಸಿನಿಮಾ-ಆರಂಭ ಕಾರ್ಯಯೋಜನೆ, ಅದರ ಆತ್ಮಾವಲೋಕನ ವರದಿ ಹಾಗೂ ತತ್ಸಂಬಂಧ 'ಕಟ್' ಹೇಳುವುದು, ಬಾಗಿಲು ತೆರೆಯುವುದು, ಹೆದರುವುದು, ಗಂಟೆ ಒತ್ತುವುದು ಇತ್ಯಾದಿಗಳನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(1) ಇದೇ ವಿಭಾಗದ 'ಎರಡು ನಿಮಿಷ' ಸುತ್ತೋಲೆ.
(2) ಸದರಿ ಸುತ್ತೋಲೆಯ ತಿದ್ದುಪಡಿ, 'ತಪ್ಪುಗಳನ್ನು ತೆಗೆಯುವ ಬಗ್ಗೆ'.
(3) ಮುಖ್ಯಸ್ಥರು ದೂರವಾಣಿಯಲ್ಲಿ ನೀಡಿದ ಮೌಖಿಕ ಸೂಚನೆ. ಕರೆಯು ನಡುವೆ ಎರಡು ಬಾರಿ ಕಡಿತಗೊಂಡಿರುತ್ತದೆ.

ಪ್ರಸ್ತಾವನೆ:

ಎರಡನೇ ವರ್ಷದ ವಿದ್ಯಾರ್ಥಿಗಳು ಯಾವುದಾದರೂ ಒಂದು ಸಿನಿಮಾದ ಮೊದಲ ಎರಡು ನಿಮಿಷಗಳನ್ನು ಮಾತ್ರ ತಯಾರಿಸಿ ಒಪ್ಪಿಸಬೇಕೆಂದು ಉಲ್ಲೇಖ (1)ರಲ್ಲಿ ಸೂಚಿಸಲಾಗಿತ್ತು. ಉಳಿದ ಸಿನಿಮಾವನ್ನು ಯಾರೂ ತಯಾರಿಸತಕ್ಕದ್ದಲ್ಲ ಎಂದೂ ಅಲ್ಲಿಯೇ ಸ್ಪಷ್ಟಪಡಿಸಲಾಗಿತ್ತು. ಚಿತ್ರ ಮುಗಿದ ಮೇಲೆ, ಅದನ್ನು ಮಾಡುವಾಗ ಏನಾಯಿತು, ಏನು ಕೆಟ್ಟಿತು, ಅದರಿಂದ ಏನು ಕಲಿತೆವು ಎಂದು ಪ್ರತಿ ತಂಡವೂ ಒಂದು ಆತ್ಮಾವಲೋಕನ ವರದಿ ಬರೆಯಬೇಕು. ಎರಡೂ ಸೇರಿ ನಲವತ್ತು ಅಂಕ. ಇದರಲ್ಲಿ ಅನುತ್ತೀರ್ಣರಾದವರು ಇಡೀ ವರ್ಷವನ್ನು ಮತ್ತೊಮ್ಮೆ ಓದತಕ್ಕದ್ದು.

ವಿದ್ಯಾರ್ಥಿಗಳಿಗೆ ಮಾದರಿಯಾಗಲೆಂದು ಈ ಸುತ್ತೋಲೆಯನ್ನೂ ಆತ್ಮಾವಲೋಕನದ ಧಾಟಿಯಲ್ಲೇ ಬರೆಯುವಂತೆ ಉಲ್ಲೇಖ (3)ರಲ್ಲಿ ಮುಖ್ಯಸ್ಥರು ಗುಮಾಸ್ತೆಗೆ ಆದೇಶಿಸಿದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ಈ ವಿಭಾಗದ ಎಲ್ಲ ಸುತ್ತೋಲೆಗಳನ್ನೂ ಆಕೆಯೇ ಬರೆಯುತ್ತ ಬಂದಿದ್ದು, ಏನಾಯಿತೆಂದು ಬರೆಯುವಂತೆ ಆಕೆಗೆ ಯಾರಾದರೂ ಹೇಳಿದ್ದು ಇದೇ ಮೊದಲು. ಆದ್ದರಿಂದ ಬರೆಯಲಾಗಿದೆ.

ಪ್ರಸ್ತುತ ಪ್ರಕರಣದ ತಂಡದಲ್ಲಿ ಮೂವರಿದ್ದಾರೆ. ಚಿತ್ರ ನಿರ್ದೇಶಿಸಿದ ವಿದ್ಯಾರ್ಥಿನಿಯನ್ನು ಇನ್ನು ಮುಂದೆ 'ನಿರ್ದೇಶಕಿ' ಎಂದು ಕರೆಯಲಾಗುವುದು. ಹಾಗೆ ಕರೆದರೆ ನಾಚಿಕೆಯಾಗುತ್ತದೆಂದು ಆಕೆ ಕೋರಿದ್ದನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಕ್ಯಾಮೆರಾ ಹಿಡಿದವನಿಗೆ ತರಗತಿಯಲ್ಲಿ 'ಕನ್ನಡಕ' ಎಂದು ಹೆಸರು. ಧ್ವನಿಗೆ ಮೂರನೆಯವನೊಬ್ಬ ಇದ್ದನೆಂದು ಪಟ್ಟಿಯಲ್ಲಿದೆ. ಚಿತ್ರದಲ್ಲಿ ಅವನು ಸೀನಿದ ಸದ್ದು ಮಾತ್ರ ದಾಖಲಾಗಿದೆ.

ಚಿತ್ರಕಥೆ ಒಂದು ಪುಟದ್ದು. ಒಬ್ಬಾತ ಕತ್ತಲ ಹಾದಿಯಲ್ಲಿ ನಡೆದು ಬರುತ್ತಾನೆ, ಬೀಗ ತೆಗೆಯುತ್ತಾನೆ, ಒಳಗೆ ಹೆಣ ಕಂಡು ಬೆಚ್ಚಿಬೀಳುತ್ತಾನೆ, ಶೀರ್ಷಿಕೆ ಬರುತ್ತದೆ. ಒಳಾಂಗಣಕ್ಕೆ ಮುಖ್ಯಸ್ಥರ ಕೊಠಡಿಯೇ ಆಗಬೇಕೆಂದು ನಿರ್ದೇಶಕಿಯ ಹಟ. ಮುಖ್ಯಸ್ಥರು ಆ ವಾರ ವಿಚಾರಗೋಷ್ಠಿಗೆ ಹೋಗಿದ್ದರು. ಕೀಲಿಯು ಕಚೇರಿಯ ಜವಾನರಾದ ಬೀಗದಣ್ಣನ ಬಳಿ ಇತ್ತು.

ಬೀಗದಣ್ಣ ಎಂಬುದು ಅವರ ನಿಜವಾದ ಹೆಸರಲ್ಲ. ಹದಿನೇಳು ಕೀಲಿಗಳ ಗೊಂಚಲನ್ನು ಮೂವತ್ತೊಂದು ವರ್ಷಗಳಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಕಾರಣ ಬಂದ ಹೆಸರು. ಬರುವ ಶುಕ್ರವಾರ ಅವರಿಗೆ ವಯೋನಿವೃತ್ತಿ. ಕೀಲಿಯನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ಒಮ್ಮೆ ಸ್ವತಃ ಮುಖ್ಯಸ್ಥರೇ ಕೇಳಿದಾಗಲೂ ಕೊಡದೆ, ತಾವೇ ಬಂದು ತೆಗೆದುಕೊಟ್ಟು ಹೋದವರು. ಹೀಗಾಗಿ ಕೀಲಿ ಯಾರ ಕೈಯಲ್ಲಿದೆಯೋ ಅವರೇ ನಾಯಕನಟರು ಎಂಬ ತೀರ್ಮಾನಕ್ಕೆ ಬರಲಾಯಿತು. ನಟವರ್ಗದ ಆಯ್ಕೆ ಮುಗಿಯಲು ಅರ್ಧ ನಿಮಿಷ ಹಿಡಿಯಿತೆಂದು ವರದಿಯಲ್ಲಿದೆ.

ಬಾಗಿಲು ತೆಗೆಯುವ ದೃಶ್ಯ ಸಲೀಸಾಗಿ ಆಯಿತು. ಮುಂದಿನದು ಹೆದರುವ ದೃಶ್ಯ. ಅದರಲ್ಲೇ ಎಲ್ಲ ಕೈಕೊಟ್ಟಿತು. ಈ ಬಗ್ಗೆ ವಿಚಾರಣೆಯಲ್ಲಿ ಬೀಗದಣ್ಣ ನೀಡಿದ ಹೇಳಿಕೆಯನ್ನು ಪದಶಃ ದಾಖಲಿಸಲಾಗಿದೆ:

"ಹೆದರ್ಕೊಳ್ಳಿ ಅಂದ್ರು. ಯಾವುದಕ್ಕೆ ಅಂತ ಕೇಳ್ದೆ. ಅಲ್ಲಿ ಯಾರೋ ಸತ್ತು ಬಿದ್ದಿದಾರೆ ಅಂದ್ಕೊಳ್ಳಿ ಅಂದ್ರು. ಅಲ್ಲಮ್ಮಾ, ದಿನಾ ಬೆಳಿಗ್ಗೆ ಎಂಟೂವರೆಗೆ ಈ ಬಾಗಿಲು ತೆಗೆಯೋನು ನಾನು. ಯಾರಾದ್ರೂ ಸತ್ತಿದ್ರೆ ನಂಗೆ ಗೊತ್ತಾಗ್ದೇ ಇರುತ್ತಾ ಅಂದೆ."

ಆರು ಬಾರಿ ಪ್ರಯತ್ನಿಸಲಾಯಿತು. ಮೂರನೆಯ ಬಾರಿ ಅವರು ಹೆದರುವ ಬದಲು, ಅಭ್ಯಾಸಬಲದಿಂದ, ಖಾಲಿ ಮೇಜಿನ ಕಡೆ ತಲೆ ಬಾಗಿಸಿದರು. ಐದನೆಯದರಲ್ಲಿ ಗೋಡೆಯ ಮೇಲೆ ಜೇಡರಬಲೆ ಕಂಡು ಅತ್ತ ಹೋದರು. ಆರನೆಯದರಲ್ಲಿ ನಿರ್ದೇಶಕಿಗೆ ಜೀವ ಸಾಕಾಗಿ, ಕ್ಯಾಮೆರಾದ ಹಿಂದೆ ನೆಲದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಳು. 'ಕಟ್' ಎನ್ನಲು ಮರೆತಳು. ಅಷ್ಟರಲ್ಲಿ ಕನ್ನಡಕ ತನ್ನ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಹಾಗೆ ಓಡಿದ್ದು ಮೂವತ್ತೆಂಟು ಸೆಕೆಂಡು. ಈ ಅವಧಿಯಲ್ಲಿ ಕೊಠಡಿಯಲ್ಲಿ ನಡೆದದ್ದನ್ನು ವಿವರಿಸುವ ಮುನ್ನ ಒಂದು ವಸ್ತುವನ್ನು ಪರಿಚಯಿಸಬೇಕಾಗಿದೆ. ಮುಖ್ಯಸ್ಥರ ಮೇಜಿನ ಹಿಂದೆ ನಾಲ್ಕು ಕಾಲು, ಎರಡು ಕೈ ಹಾಗೂ ಎತ್ತರದ ಬೆನ್ನೊರಗು ಇರುವ ವಸ್ತುವೊಂದು ಇರುತ್ತದೆ. ಮುಖ್ಯಸ್ಥರು ಕಚೇರಿಯಲ್ಲಿದ್ದಾಗ ಅದರಲ್ಲಿ ಇರುತ್ತಾರೆ. ಅದರ ಹೆಸರು ಯಾವ ಸುತ್ತೋಲೆಯಲ್ಲೂ ಬರಕೂಡದೆಂದು ಅವರ ಖಡಾಖಂಡಿತ ಸೂಚನೆ ಇರುವುದರಿಂದ ಅದನ್ನು 'ಸದರಿ ವಸ್ತು' ಎಂದು ಕರೆಯಲಾಗುವುದು.

ಯಾರೂ ನಿಲ್ಲಿಸೆನ್ನದ ಕಾರಣ ಬೀಗದಣ್ಣ ತಮ್ಮ ಕೆಲಸ ಮಾಡಿದರು. ಮೇಜು ಒರೆಸಿದರು. ಪೆನ್ನುಗಳನ್ನು ನೆಟ್ಟಗೆ ಜೋಡಿಸಿದರು. ಸದರಿ ವಸ್ತುವಿನ ಒಂದು ಕಾಲು ಕುಂಟುತ್ತಿರುವುದು ಆರು ವರ್ಷಗಳಿಂದ ಕಡತದಲ್ಲಿದ್ದು, ಅವರು ಕಿಸೆಯಿಂದ ಒಂದು ಕಾಗದ ತೆಗೆದು ಮಡಚಿ ಆ ಕಾಲಿನ ಕೆಳಗೆ ತುರುಕಿದರು. ಆ ಕಾಗದ ಉಲ್ಲೇಖ (1)ರ ಪ್ರತಿ ಎಂದು ಆಮೇಲೆ ತಿಳಿದುಬಂದಿದೆ. ಈ ವಿಭಾಗದ ಸುತ್ತೋಲೆಯೊಂದು ಉಪಯೋಗಕ್ಕೆ ಬಂದ ಮೊದಲ ಪ್ರಸಂಗ ಇದು. ಕುಂಟು ನಿಂತಿತೋ ಇಲ್ಲವೋ ಎಂದು ನೋಡಲು ಅವರು ಸದರಿ ವಸ್ತುವಿನ ಮೇಲೆ ಕುಳಿತರು.

ಕುಳಿತವರು ಏಳಲಿಲ್ಲ. ಎರಡೂ ಕೈಗಳನ್ನು ಅದರ ಎರಡೂ ಕೈಗಳ ಮೇಲೆ ಇಟ್ಟು, ತಾವು ಮೂವತ್ತೊಂದು ವರ್ಷ ಹೊರಗಿನಿಂದ ತೆಗೆದ ಬಾಗಿಲನ್ನು ಒಳಗಿನಿಂದ ನೋಡಿದರು. ಮೇಜಿನ ಮೇಲಿನ ಕರೆಗಂಟೆಯನ್ನು ನೋಡಿದರು. ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದರು. ಗಂಟೆ ಬಾರಿಸಿತು. ಬಾರಿಸಿದ ಕ್ಷಣವೇ ಧಡಕ್ಕನೆ ಎದ್ದು ನಿಂತರು.

ಅಲ್ಲಿಗೆ ಮೂವತ್ತೆಂಟು ಸೆಕೆಂಡು ಮುಗಿಯಿತು. ಗಂಟೆಯ ಸದ್ದಿಗೆ ನಿರ್ದೇಶಕಿ ತಲೆಯೆತ್ತಿ 'ಕಟ್' ಎಂದಳು. ಅವರ ಹೇಳಿಕೆಯ ಉಳಿದ ಭಾಗ:

"ಕಟ್ ಅನ್ನೋವರೆಗೂ ನಿಲ್ಲಿಸ್ಬೇಡಿ ಅಂದಿದ್ರು. ಯಾರೂ ಅನ್ಲಿಲ್ಲ. ಸುಮ್ನೆ ನಿಂತ್ಕೊಂಡು ಏನ್ಮಾಡ್ಲಿ? ಕಾಲು ಸರಿಹೋಯ್ತೋ ಇಲ್ವೋ ಅಂತ ಕೂತ್ರೆ ತಾನೇ ಗೊತ್ತಾಗೋದು? ಕೂತ್ಕೋ ಅಂತ ಯಾರೂ ಹೇಳ್ಲಿಲ್ಲ, ನಿಜ. ಏಳು ಅಂತಾನೂ ಯಾರೂ ಹೇಳ್ಲಿಲ್ಲವಲ್ಲ. ಗಂಟೆ ಯಾಕೆ ಒತ್ತಿದೆ ಅಂದ್ರೆ, ಆ ಕಡೆಯಿಂದ ಅದು ಹೇಗೆ ಕೇಳಿಸುತ್ತೆ ಅಂತ ನೋಡೋಣ ಅನ್ನಿಸ್ತು, ಅಷ್ಟೇ. ಕೇಳಿಸಿದ ತಕ್ಷಣ ಎದ್ದುಬಿಟ್ಟೆ. ಎದ್ದಿದ್ದು ನಾನಲ್ಲ, ಕಾಲು."

ಸಂಕಲನಕ್ಕೆ ಕೂತಾಗ ನಿರ್ದೇಶಕಿಯ ಬಳಿ ಇದ್ದದ್ದು ಎಂಬತ್ತೆರಡು ಸೆಕೆಂಡಿನ ಚಿತ್ರ. ಬೇಕಿದ್ದದ್ದು ಎರಡು ನಿಮಿಷ. ಒಪ್ಪಿಸಲು ಉಳಿದದ್ದು ಒಂದು ಗಂಟೆ. ಆದ್ದರಿಂದ, ಕೊರತೆ ತುಂಬಿಸುವ ಏಕೈಕ ಉದ್ದೇಶದಿಂದ, ಸದರಿ ಮೂವತ್ತೆಂಟು ಸೆಕೆಂಡುಗಳನ್ನು ಬಾಲಕ್ಕೆ ಅಂಟಿಸಲಾಯಿತು. ಇದರ ಹಿಂದೆ ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲವೆಂದು ಆಕೆ ಬರೆದುಕೊಟ್ಟಿದ್ದಾಳೆ.

ತರಗತಿಯಲ್ಲಿ ಚಿತ್ರ ತೋರಿಸಿದಾಗ ಹೆದರಬೇಕಾದ ಕಡೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಲ ಬಂದಾಗ ನಗು ನಿಂತಿತು. ಗೋಷ್ಠಿಯಿಂದ ಹಿಂದಿರುಗಿ ಮೊದಲ ಸಾಲಿನಲ್ಲಿದ್ದ ಮುಖ್ಯಸ್ಥರು ಪೆನ್ನು ತೆಗೆದು ಏನನ್ನೋ ಬರೆದುಕೊಂಡರು.

ಅದೇ ಸಂಜೆ ಉಲ್ಲೇಖ (2) ಹೊರಬಿತ್ತು. ತಮ್ಮ ಸದರಿ ವಸ್ತುವಿನ ಮೇಲೆ ಇನ್ನೊಬ್ಬರು ಕುಳಿತ ಸಂಗತಿ ದಾಖಲೆಗೆ ಬರುವುದು ಮುಖ್ಯಸ್ಥರಿಗೆ ಸುತರಾಂ ಇಷ್ಟವಿರಲಿಲ್ಲ. ಹಾಗಾಗಿ ಇಂಥದ್ದನ್ನು ತೆಗೆಯಿರಿ ಎನ್ನುವ ಬದಲು, 'ಆತ್ಮಾವಲೋಕನ ವರದಿಯಲ್ಲಿ ವಿದ್ಯಾರ್ಥಿಗಳು ತಾವಾಗಿ ಒಪ್ಪಿಕೊಂಡ ಎಲ್ಲ ತಪ್ಪುಗಳನ್ನೂ ಚಿತ್ರದಿಂದ ತೆಗೆದುಹಾಕತಕ್ಕದ್ದು' ಎಂದು ಬರೆಸಿದರು. ಯಾವ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ನಿರ್ದೇಶಕಿಯನ್ನು ಕರೆದು ಬಾಯಿಮಾತಿನಲ್ಲಿ ತಿಳಿಸಿದರು. ಮೂವತ್ತೆಂಟು ಸೆಕೆಂಡು ಉಳಿದರೆ ವರ್ಷ ಉಳಿಯುವುದಿಲ್ಲ ಎಂಬುದನ್ನೂ ತಿಳಿಸಿದರು.

ವಿಷಯ ಕಿವಿಗೆ ಬಿದ್ದಾಗ ಬೀಗದಣ್ಣ ಗುಮಾಸ್ತೆಯ ಮೇಜಿನ ಎದುರು ನಿಂತು ಹೇಳಿದ್ದು ಇಷ್ಟು: "ತೆಗೀಲಿ ಬಿಡಿ, ನಂದೇನಿಲ್ಲ. ಮಗು ವರ್ಷ ಹಾಳಾಗಬಾರ್ದು. ಆದ್ರೆ ತೆಗೆಯೋಕೆ ಮುಂಚೆ ನಮ್ಮನೆಯವಳಿಗೆ ಒಂದ್ಸಲ ತೋರಿಸಿದ್ರೆ ಚೆನ್ನಾಗಿತ್ತು. ಮದುವೆ ಆದಾಗಿಂದ ಕೇಳ್ತಾನೇ ಇದಾಳೆ, ದಿನಾ ಆಫೀಸಲ್ಲಿ ಏನ್ಮಾಡ್ತೀರಾ ಅಂತ. ನಂಗೆ ಹೇಳೋಕೆ ಬರಲ್ಲ."

ನಿರ್ದೇಶಕಿ ಮೂರು ದಿನ ಬಿಟ್ಟು ಹನ್ನೊಂದು ಪುಟಗಳ ವರದಿ ಒಪ್ಪಿಸಿದಳು. ಅದರಲ್ಲಿ ಹದಿನಾಲ್ಕು ತಪ್ಪುಗಳನ್ನು ಒಪ್ಪಿಕೊಳ್ಳಲಾಗಿದೆ. ಕೀಲಿ ಮೊದಲು ಎಡಗೈಯಲ್ಲಿತ್ತು, ಮರುಕ್ಷಣ ಬಲಗೈಯಲ್ಲಿತ್ತು. ಹೊರಗಿನಿಂದ ಉಗ್ರಾಣದ ಬಾಗಿಲು, ಒಳಗಿನಿಂದ ಮುಖ್ಯಸ್ಥರ ಕೊಠಡಿಯ ಬಾಗಿಲು. ಹಾಗಾಗಿ ಎಳೆದು ತೆರೆದ ಬಾಗಿಲು ಒಳಗೆ ಬರುವಷ್ಟರಲ್ಲಿ ತಳ್ಳಿ ತೆರೆದದ್ದಾಗಿತ್ತು. ಒಂದು ಸೀನು. ಕಿಟಕಿಯ ಗಾಜಿನಲ್ಲಿ ಕನ್ನಡಕನ ಬಿಂಬ. ಎದೆ ನಡುಗಿಸಲೆಂದು ಹಾಕಿದ ಸಂಗೀತ, ಅದನ್ನು ಕೇಳಿ ನಿರ್ದೇಶಕಿಯ ಅಜ್ಜಿ ನಿದ್ದೆ ಹೋದದ್ದು. ಹದಿನಾಲ್ಕನೆಯದು ಕೊಲೆ. 'ಕೊಲೆ ಯಾಕೆ ಬೇಕಿತ್ತೆಂದು ನನಗೇ ಗೊತ್ತಿಲ್ಲ, ಎಲ್ಲ ತಂಡಗಳೂ ಕೊಲೆಯನ್ನೇ ಮಾಡುತ್ತಿದ್ದವು' ಎಂದು ಆಕೆ ಬರೆದಿದ್ದಾಳೆ.

ಈ ಹದಿನಾಲ್ಕೂ ತಪ್ಪುಗಳು ಸೇರಿ ಎಂಬತ್ತೆರಡು ಸೆಕೆಂಡುಗಳನ್ನು ಪೂರ್ತಿ ಆವರಿಸುತ್ತವೆ. ಉಲ್ಲೇಖ (2)ನ್ನು ಅಕ್ಷರಶಃ ಪಾಲಿಸಿ ಅಷ್ಟನ್ನೂ ತೆಗೆಯಲಾಗಿದೆ. ಉಳಿದದ್ದು ಮೂವತ್ತೆಂಟು ಸೆಕೆಂಡು. ಅದರ ಬಗ್ಗೆ ವರದಿಯ ಕೊನೆಯ ಪುಟದಲ್ಲಿ ಹೀಗಿದೆ:

'ಇದು ನಾನು ಮಾಡಿದ್ದಲ್ಲ. ಆಗ ನಾನು ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ನಾನು ಮಾಡದ್ದನ್ನು ನನ್ನ ತಪ್ಪು ಎಂದು ಬರೆಯಲು ಕೈ ಬರುತ್ತಿಲ್ಲ. ಸಂಕಲನದ ದಿನ ಅವಸರದಲ್ಲಿ ಸರಿಯಾಗಿ ನೋಡಿಯೂ ಇರಲಿಲ್ಲ. ತರಗತಿಯಲ್ಲಿ ಎಲ್ಲರ ಜೊತೆ ಕೂತು ನೋಡಿದೆ. ತುಂಬ ನಾಚಿಕೆಯಾಯಿತು. ಎರಡು ವರ್ಷದಿಂದ ದಿನಾ ನನಗೆ ತರಗತಿಯ ಬಾಗಿಲು ತೆಗೆದುಕೊಡುವವರು ಅವರು. ಅವರ ಮುಖವನ್ನು ನಾನು ನೋಡಿದ್ದು ಅವತ್ತೇ.'

ಇದರ ಪಕ್ಕ ಮುಖ್ಯಸ್ಥರ ಕೆಂಪು ಶಾಯಿಯಲ್ಲಿ 'ಇದು ಪಠ್ಯಕ್ರಮದಲ್ಲಿಲ್ಲ' ಎಂದಿದೆ.

ಮೂವತ್ತೆಂಟು ಸೆಕೆಂಡಿನ ಚಿತ್ರ ಎರಡು ನಿಮಿಷದ ನಿಯಮಕ್ಕೆ ಹೊಂದುವುದಿಲ್ಲವೆಂದು ಅದನ್ನು ಮುಖ್ಯಸ್ಥರು ಹಿಂದಿರುಗಿಸಿದರು. ಅಂದು ಮಧ್ಯಾಹ್ನ ನಿರ್ದೇಶಕಿ ಕಣ್ಣು ಕೆಂಪಗೆ ಮಾಡಿಕೊಂಡು ಗುಮಾಸ್ತೆಯ ಕಿಟಕಿಯ ಬಳಿ ಬಂದಿದ್ದಳು. ಗುಮಾಸ್ತೆ ಆಕೆಗೆ ಯಾವ ಸಲಹೆಯನ್ನೂ ನೀಡಿರುವುದಿಲ್ಲ. ಉಲ್ಲೇಖ (1)ರ ನಾಲ್ಕನೇ ಸಾಲನ್ನು ಗಟ್ಟಿಯಾಗಿ ಓದಿದ್ದಾಳೆ, ಅಷ್ಟೇ. ಆ ಸಾಲಿನಲ್ಲಿ 'ಶೀರ್ಷಿಕೆಗಳೂ ಸೇರಿ ಎರಡು ನಿಮಿಷ' ಎಂದಿದೆ. ಎರಡು ಬಾರಿ ಓದಿದ್ದಾಳೆ.

ಮರುದಿನ ಬಂದ ಚಿತ್ರದಲ್ಲಿ ಮೊದಲಿಗೆ ಎಂಬತ್ತೆರಡು ಸೆಕೆಂಡು ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ಹದಿನಾಲ್ಕು ಶೀರ್ಷಿಕೆಗಳು. 'ಇಲ್ಲಿ ಒಂದು ಬಾಗಿಲು ಇತ್ತು. ತೆಗೆಯಲಾಗಿದೆ.' 'ಇಲ್ಲಿ ಒಬ್ಬ ಸೀನಿದ. ತೆಗೆಯಲಾಗಿದೆ.' 'ಇಲ್ಲಿ ಒಂದು ಕೊಲೆ ಇತ್ತು. ತೆಗೆಯಲಾಗಿದೆ.' ಬಳಿಕ ಮೂವತ್ತೆಂಟು ಸೆಕೆಂಡು ಬೀಗದಣ್ಣ. ಒಟ್ಟು ಎರಡು ನಿಮಿಷ, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ತಿರಸ್ಕರಿಸಲು ಯಾವುದೇ ನಿಯಮ ಲಭ್ಯವಿಲ್ಲವೆಂದು ವಿಷಾದದಿಂದ ದಾಖಲಿಸಲಾಗಿದೆ.

ಮುಖ್ಯಸ್ಥರು ಮತ್ತೊಂದು ಗೋಷ್ಠಿಯ ದಾರಿಯಲ್ಲಿ ದೂರವಾಣಿ ಮಾಡಿ, ಹೊಸ ನಿಯಮಗಳನ್ನು ಕೂಡಲೇ ಹೊರಡಿಸಬೇಕೆಂದೂ ಶುಕ್ರವಾರದ ಅಂತಿಮ ಪ್ರದರ್ಶನದಲ್ಲಿ ಈ ಚಿತ್ರ ಬರದಂತೆ ಹೇಗಾದರೂ ತಡೆಯಬೇಕೆಂದೂ, ಆದರೆ ಸದರಿ ವಸ್ತುವಿನ ಹೆಸರಾಗಲಿ, ಅದರ ಮೇಲೆ ನಡೆದದ್ದಾಗಲಿ ಎಲ್ಲೂ ಬರಕೂಡದೆಂದೂ ಆದೇಶಿಸಿರುತ್ತಾರೆ. ಆದ ಕಾರಣ ಈ ಕೆಳಗಿನಂತೆ ಸೂಚಿಸಲಾಗಿದೆ.

ಆದೇಶ:

1. ಚಿತ್ರೀಕರಣದಲ್ಲಿ 'ಕಟ್' ಎನ್ನುವ ಅಧಿಕಾರವು ನಿರ್ದೇಶಕರಲ್ಲಿ ಇರತಕ್ಕದ್ದು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತಿರುವ ಅವಧಿಯಲ್ಲಿ ಆ ಅಧಿಕಾರ ಕ್ಯಾಮೆರಾದವರಿಗೆ, ಅವರು ಕನ್ನಡಕ ಒರೆಸುತ್ತಿದ್ದಲ್ಲಿ ಧ್ವನಿಯವರಿಗೆ, ಅವರು ಸೀನುತ್ತಿದ್ದಲ್ಲಿ ಹತ್ತಿರದ ಗೋಡೆಗೆ ವರ್ಗಾವಣೆಯಾಗತಕ್ಕದ್ದು. ಗೋಡೆಯೂ ಹೇಳದಿದ್ದ ಪಕ್ಷದಲ್ಲಿ ಐದು ಸೆಕೆಂಡುಗಳ ನಂತರ 'ಕಟ್' ಹೇಳಲಾಗಿದೆ ಎಂದೇ ಭಾವಿಸತಕ್ಕದ್ದು. ಹಾಗೆ ಭಾವಿಸಿದ ಬಗ್ಗೆ ಮೂರು ಪ್ರತಿಗಳಲ್ಲಿ ಬರೆದುಕೊಡತಕ್ಕದ್ದು.

2. ವಿಭಾಗದ ಎಲ್ಲ ಬಾಗಿಲುಗಳೂ ಇನ್ನು ಮುಂದೆ ಒಂದೇ ದಿಕ್ಕಿಗೆ ತೆರೆಯತಕ್ಕದ್ದು. ದಿಕ್ಕನ್ನು ನಿರ್ಧರಿಸಲು ಸಮಿತಿ ನೇಮಿಸಲಾಗಿದೆ. ಸಮಿತಿಯ ಸಭೆ ನಡೆಯುವ ಕೊಠಡಿಯ ಬಾಗಿಲನ್ನು ತೀರ್ಮಾನ ಹೊರಬೀಳುವವರೆಗೆ ಯಾರೂ ತೆರೆಯತಕ್ಕದ್ದಲ್ಲ. ಸದಸ್ಯರು ಕಿಟಕಿಯ ಮೂಲಕ ಹಾಜರಾಗಬಹುದು.

3. ಚಿತ್ರದಲ್ಲಿ ಹೆದರಬೇಕಾದವರು ಒಂದು ವಾರ ಮುಂಚಿತವಾಗಿ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಯಾವುದನ್ನು ನೋಡಿ ಹೆದರಬೇಕೋ ಅದನ್ನು ಮೂವತ್ತೊಂದು ವರ್ಷ ದಿನವೂ ಒರೆಸಿದವರನ್ನು ಈ ಕೆಲಸಕ್ಕೆ ಪರಿಗಣಿಸಲಾಗುವುದಿಲ್ಲ.

4. ಆರಂಭ ದೃಶ್ಯ ಕೆರಳಿಸಿದ ಕುತೂಹಲವನ್ನು ನೋಡುಗರು ವಿಭಾಗದ ಆವರಣದಲ್ಲೇ ಬಿಟ್ಟು ಹೋಗತಕ್ಕದ್ದು. ಕೊಂದವರು ಯಾರೆಂದು ಲೆಕ್ಕಪತ್ರ ಶಾಖೆಯಿಂದ ಪದೇ ಪದೇ ವಿಚಾರಣೆ ಬರುತ್ತಿದೆ. ಈ ವಿಭಾಗಕ್ಕೆ ಕೊಲೆಗಾರನ ಹುದ್ದೆ ಮಂಜೂರಾಗಿಲ್ಲ. ಸತ್ತವರ ಹುದ್ದೆ ಖಾಲಿ ಇದೆ.

5. ಆತ್ಮಾವಲೋಕನ ವರದಿಯನ್ನು ಇನ್ನು ಮುಂದೆ ಚಿತ್ರ ಮಾಡುವ ಮೊದಲೇ ಬರೆದು ಒಪ್ಪಿಸತಕ್ಕದ್ದು.
   (ಅ) ಕನಿಷ್ಠ ಮೂರು, ಗರಿಷ್ಠ ಐದು ತಪ್ಪುಗಳಿಗೆ ಅವಕಾಶವಿದೆ. ಹದಿನಾಲ್ಕು ತಪ್ಪುಗಳನ್ನು ಒಪ್ಪಿಕೊಳ್ಳುವುದನ್ನು ಜಂಬ ಎಂದು ಪರಿಗಣಿಸಲಾಗುವುದು.
   (ಆ) ವರದಿಯಲ್ಲಿ ಬರೆದ ತಪ್ಪುಗಳನ್ನು ಚಿತ್ರೀಕರಣದಲ್ಲಿ ತಪ್ಪದೆ ಮಾಡತಕ್ಕದ್ದು. ಮಾಡಲು ಆಗದಿದ್ದಲ್ಲಿ ಅಂಕ ಕಡಿತಗೊಳಿಸಲಾಗುವುದು.
   (ಇ) 'ಕಲಿತೆ' ಎಂಬ ಪದ ಒಂಬತ್ತು ಕಡೆ ಬರತಕ್ಕದ್ದು. ಏನನ್ನು ಎಂಬುದು ಐಚ್ಛಿಕ.
   (ಈ) ನಾಚಿಕೆ ಪಡುವವರು ಪೂರ್ವಾನುಮತಿ ಪಡೆಯತಕ್ಕದ್ದು.

6. ಯಾವುದೇ ವಸ್ತುವಿನ ಕಾಲು ಕುಂಟುತ್ತಿದೆಯೇ ಎಂದು ಪರೀಕ್ಷಿಸಲು ಅದರ ಮೇಲೆ ಕುಳಿತುಕೊಳ್ಳತಕ್ಕದ್ದಲ್ಲ. ಕುಳಿತುಕೊಳ್ಳುವವರ ತೂಕಕ್ಕೆ ಸಮನಾದ ಕಡತಗಳನ್ನು ಇಟ್ಟು ನೋಡತಕ್ಕದ್ದು. ಸದರಿ ವಸ್ತುವಿನ ಕೆಳಗಿರುವ ಮಡಚಿದ ಉಲ್ಲೇಖ (1)ನ್ನು ತೆಗೆದು ಕಡತಕ್ಕೆ ಸೇರಿಸಬೇಕೆಂದು ಮೊದಲು ಆದೇಶಿಸಲಾಗಿತ್ತು. ತೆಗೆದ ಮೇಲೆ ಮುಖ್ಯಸ್ಥರು ವಾಲಿದ್ದರಿಂದ ಮತ್ತೆ ಅಲ್ಲೇ ಇಡಲಾಗಿದೆ.

7. ಕರೆಗಂಟೆಯನ್ನು ಒತ್ತುವವರು ಹಾಗೂ ಅದನ್ನು ಕೇಳಿ ಏಳುವವರು ಬೇರೆ ಬೇರೆ ವ್ಯಕ್ತಿಗಳಾಗಿರತಕ್ಕದ್ದು. ಒಬ್ಬರೇ ಎರಡನ್ನೂ ಮಾಡಿದಲ್ಲಿ ಕಚೇರಿಯಲ್ಲಿ ಉಳಿದವರು ಏನು ಮಾಡಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ.

8. ಈ ಸುತ್ತೋಲೆಯೇ ಆತ್ಮಾವಲೋಕನ ಆಗಿರಬೇಕೆಂಬ ಆದೇಶದ ಮೇರೆಗೆ, ಇದನ್ನು ಬರೆದವರ ತಪ್ಪುಗಳನ್ನು ಈ ಕಂಡಿಕೆಯಲ್ಲಿ ನಮೂದಿಸಲಾಗಿದೆ. ಮುಖ್ಯಸ್ಥರು ಸಹಿ ಮಾಡುವ ಮುನ್ನ ವಿಷಯದ ಸಾಲನ್ನೂ ಕೊನೆಯ ಕಂಡಿಕೆಯನ್ನೂ ಮಾತ್ರ ಓದುತ್ತಾರೆಂಬುದು ಇಪ್ಪತ್ತೆರಡು ವರ್ಷಗಳ ಅನುಭವದಿಂದ ದೃಢಪಟ್ಟಿರುವುದರಿಂದ ಇಲ್ಲಿ ಮನಸ್ಸು ಬಿಚ್ಚಿ ಬರೆಯಲು ಅಡ್ಡಿಯಿಲ್ಲ.

   ಗುಮಾಸ್ತೆಯ ಮೇಜಿನ ಮೇಲೆ ಗಂಟೆ ಇಲ್ಲ. ಆಕೆಗೆ ಅದರ ಅಗತ್ಯವೂ ಬಿದ್ದಿಲ್ಲ. 'ಬೀಗದಣ್ಣಾ' ಎಂದು ದಿನಕ್ಕೆ ನಲವತ್ತು ಸಲ ಕೂಗಿದ್ದಾಳೆ. ಅವರು ನಲವತ್ತು ಸಲವೂ ಬಂದು ಎದುರು ನಿಂತಿದ್ದಾರೆ. ಈ ಲೆಕ್ಕವನ್ನು ಇಪ್ಪತ್ತೆರಡು ವರ್ಷಕ್ಕೆ ಹಾಕಿ ನೋಡಲು ಆಕೆಗೆ ಧೈರ್ಯ ಸಾಲಲಿಲ್ಲ. ಆಕೆಯ ಮೇಜಿನ ಎದುರಿಗೂ ಸದರಿ ವಸ್ತುವಿನ ಬಡ ನೆಂಟನಂಥದ್ದೊಂದಿದೆ. ಅದರ ತುಂಬ ಹಳೆಯ ಕಡತಗಳಿದ್ದವು. ಅವನ್ನು ಇಳಿಸಲು ಎಷ್ಟು ಹೊತ್ತು ಬೇಕಾದೀತೆಂದು ಕಳೆದ ಶನಿವಾರ ಪರೀಕ್ಷಿಸಲಾಯಿತು. ನಾಲ್ಕು ನಿಮಿಷ ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ನಿಮಿಷ ಸಿಗಲಿಲ್ಲವೇ ಎಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವರನ್ನು ಕರೆದು ಕೂರಲು ಹೇಳಲಾಯಿತು. "ಅಭ್ಯಾಸ ಇಲ್ಲಮ್ಮಾ, ಕಾಲು ಕೇಳಲ್ಲ" ಎಂದು ನಗುತ್ತಾ ನಿಂತೇ ಇದ್ದರು. ಇದರಿಂದ ಕಲಿತದ್ದು ಏನೆಂದು ಬರೆಯಲು ಆಕೆಗೆ ಪದ ಸಿಗುತ್ತಿಲ್ಲ. ಕಣ್ಣು ಒರೆಸಿಕೊಳ್ಳಲು ಬಳಸಿದ ಕಾಗದವು ಉಲ್ಲೇಖ (2)ರ ಕಚೇರಿ ಪ್ರತಿ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಲಾಗಿದೆ.

9. ಕಾರ್ಯಯೋಜನೆಯ ಎಲ್ಲ ಚಿತ್ರಗಳ ಅಂತಿಮ ಪ್ರದರ್ಶನವು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ತರಗತಿಯಲ್ಲಿ ನಡೆಯತಕ್ಕದ್ದು. ನಟವರ್ಗದವರು ಮನೆಯಿಂದ ಒಬ್ಬರನ್ನು ಕರೆತರಬಹುದು. ನಟವರ್ಗದಲ್ಲಿ ಅಂದೇ ನಿವೃತ್ತರಾಗುವವರು ಯಾರಾದರೂ ಇದ್ದಲ್ಲಿ ಅವರು ಕರೆತರಲೇಬೇಕು. ಬಾಗಿಲ ಬಳಿ ನಿಂತು ನೋಡುವ ಪದ್ಧತಿಯನ್ನು ರದ್ದುಪಡಿಸಲಾಗಿದೆ. ನಿಯಮಾನುಸಾರ ಒಪ್ಪಿಸಲಾದ ಚಿತ್ರಗಳಿಗೆ ನಿಯಮಾನುಸಾರ ಅಂಕ ನೀಡತಕ್ಕದ್ದು.

10. ಯಾವ ಚಿತ್ರದಲ್ಲಿ ಯಾರಾದರೂ ಯಾವುದರ ಮೇಲಾದರೂ ಏನನ್ನಾದರೂ ಮಾಡಿದ್ದಾರೋ, ಆ ಚಿತ್ರದ ಪ್ರದರ್ಶನವನ್ನು ಈ ಮೂಲಕ ಅತ್ಯಂತ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಅಂಥ ಚಿತ್ರ ಯಾವುದೆಂಬುದನ್ನು ಮುಖ್ಯಸ್ಥರು ತಮ್ಮ ಸ್ವಹಸ್ತಾಕ್ಷರದಲ್ಲಿ, ಕಾರಣಸಹಿತ, ವಸ್ತುವಿನ ಹೆಸರು ನಮೂದಿಸಿ ಸೂಚನಾಫಲಕದಲ್ಲಿ ಪ್ರಕಟಿಸಿದ ಕ್ಷಣದಿಂದ ಈ ಕಂಡಿಕೆ ಜಾರಿಗೆ ಬರತಕ್ಕದ್ದು.

ಸಹಿ/-
ಮುಖ್ಯಸ್ಥರು
(ಗೋಷ್ಠಿಯಿಂದ ಬಂದು, ಕೊನೆಯ ಕಂಡಿಕೆಯ ಮೊದಲ ವಾಕ್ಯ ಓದಿ, ತಲೆಯಾಡಿಸಿ, ಫೋನಿನಲ್ಲಿ ಮಾತಾಡುತ್ತಲೇ ಸಹಿ ಮಾಡಿರುತ್ತಾರೆ)

ಪ್ರತಿಗಳು:

1. ಎರಡನೇ ವರ್ಷದ ಎಲ್ಲ ತಂಡಗಳಿಗೆ, ಕೊಲೆ ಕಡಿಮೆ ಮಾಡುವ ಕೋರಿಕೆಯೊಂದಿಗೆ.
2. ಲೆಕ್ಕಪತ್ರ ಶಾಖೆಗೆ. ಇನ್ನು ಕೇಳಬೇಡಿ.
3. ಬಾಗಿಲು ಸಮಿತಿಯ ಅಧ್ಯಕ್ಷರಿಗೆ, ಕಿಟಕಿಯ ಮೂಲಕ.
4. ಸೂಚನಾಫಲಕಕ್ಕೆ. ಕಂಡಿಕೆ 10ಕ್ಕಾಗಿ ಪಕ್ಕದಲ್ಲಿ ಜಾಗ ಬಿಡಲಾಗಿದೆ. ಇನ್ನೂ ಖಾಲಿ ಇದೆ.
5. ನಿರ್ದೇಶಕಿಗೆ. ಹೆಸರಿಗೆ ಇನ್ನು ನಾಚಿಕೆ ಪಡಬೇಕಾಗಿಲ್ಲ.
6. ಮುಖ್ಯಸ್ಥರ ಆಪ್ತ ಕಡತಕ್ಕೆ. ಕಡತವನ್ನು ಕಾಲಿನ ಕೆಳಗೆ ಇಡಲಾಗಿದೆ.
7. ಬೀಗದಣ್ಣ ಅವರಿಗೆ, ಎಲ್ಲ ಕೊಠಡಿಗಳಿಗೂ ಒಯ್ದು ಸಹಿ ಪಡೆಯುವ ಸಲುವಾಗಿ. ಇದು ಅವರು ಒಯ್ಯುವ ಕೊನೆಯ ಸುತ್ತೋಲೆ. ಶುಕ್ರವಾರ ಮೂರು ಗಂಟೆಗೆ ಮೊದಲ ಸಾಲಿನಲ್ಲಿ ಅವರಿಗೂ ಅವರ ಮನೆಯವರಿಗೂ ಎರಡು ಕುರ್ಚಿ ಹಾಕಲಾಗಿದೆ. ಕಾಲುಗಳನ್ನು ಗುಮಾಸ್ತೆ ಖುದ್ದು ಕುಳಿತು ಪರೀಕ್ಷಿಸಿದ್ದಾಳೆ. ಚಿತ್ರದ ಕೊನೆಯಲ್ಲಿ ಗಂಟೆ ಕೇಳಿಸುತ್ತದೆ. ಏಳಬೇಕಾಗಿಲ್ಲ.